ಚಾರ್ಜ್ ಒಪ್ಪಿಸಲು ಹೊರಟವರು

ಮನುಷ್ಯ ಬರುವಾಗ ಬರಿಗೈಯಲ್ಲಿ ಬರುತ್ತಾನೆ, ಹೋಗುವಾಗ ಬರಿಗೈಯಲ್ಲಿ ಹೋಗುತ್ತಾನೆ ಎಂದು ತಿಳಿದವರು ಹೇಳಿದ್ದಾರೆ. ನಡುವಿನ ಅವಧಿಯಲ್ಲಿ ಅವನ ಕೈಯಲ್ಲಿ ಒಂದು ಚೀಲ ಇರುತ್ತದೆ ಎಂಬ ಸಂಗತಿಯನ್ನು ಅವರು ಯಾಕೆ ಬಿಟ್ಟರೋ ತಿಳಿಯದು. ಬಹುಶಃ ಅವರ ಮನೆಗೆ ಸಾಮಾನು ತರುತ್ತಿದ್ದವರು ಬೇರೆ ಯಾರೋ.

ಹೋದ ತಿಂಗಳು ತೀರಿಕೊಂಡ ನಮ್ಮ ಎದುರುಮನೆಯವರ ಕೈಯಲ್ಲಿ ಚೀಲವಿಲ್ಲದ ದಿನವನ್ನು ನಾನು ಕಂಡಿಲ್ಲ. ಹೆಸರು ಬೇಡ, ಹೇಳಿದರೂ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ. ಸರ್ಕಾರದ ಒಂದು ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತು, ಹುದ್ದೆ ಬಿಡಲಿಲ್ಲ. ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಅವರು ಸೂಪರಿಂಟೆಂಡೆಂಟ್ ಸಾರ್. ಅವರ ಪತ್ನಿಯನ್ನು ರಸ್ತೆಯೆಲ್ಲ ಅಮ್ಮನವರು ಎನ್ನುತ್ತಿತ್ತು, ಈಗಲೂ ಎನ್ನುತ್ತದೆ.

ಎತ್ತರದ, ಒಣಕಲು ಆಳು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುವುದಕ್ಕೆ, ಇನ್ನೊಂದು ಕೇಳಿದವರಿಗೆ ಕೊಡುವುದಕ್ಕೆ, ಎರಡನೆಯದು ಬರೆಯುತ್ತಿರಲಿಲ್ಲ. ಗೇಟು ದಾಟುವ ಮೊದಲು ನಿಂತು, ಪೂಜೆಗೆ ಕೂತವರು ಅಂಗನ್ಯಾಸ ಮಾಡುವ ಶ್ರದ್ಧೆಯಿಂದ ನಾಲ್ಕು ಜೇಬನ್ನೂ ಕ್ರಮವಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದರು: ಕನ್ನಡಕ, ಕೀಲಿಕೈ, ಕರವಸ್ತ್ರ, ಫೋನು. ಆಮೇಲೆ ರಾಹುಕಾಲ ಕಳೆದಿದೆಯೇ ಎಂದು ಗಡಿಯಾರ ನೋಡಿ ಬಲಗಾಲಿಟ್ಟು ಹೊರಡುವುದು. ಹೋಗುತ್ತಿದ್ದುದು ಸಾಮಾನ್ಯವಾಗಿ ಕೊತ್ತಂಬರಿ ಸೊಪ್ಪಿಗೆ.

ಕೊತ್ತಂಬರಿ ಸೊಪ್ಪಿಗೆ ಹೋದವರು ಕೊತ್ತಂಬರಿ ಸೊಪ್ಪನ್ನೇ ತರುತ್ತಿದ್ದರು. ಹಾದಿಯಲ್ಲೇ ಔಷಧದ ಅಂಗಡಿ ಇದ್ದರೂ ಮಾತ್ರೆ ತರುತ್ತಿರಲಿಲ್ಲ. ಅದಕ್ಕೆ ಇನ್ನೊಂದು ಸಲ ಹೋಗಬೇಕು. ನಾನು ಬ್ಯಾಂಕಿನಿಂದ ನಿವೃತ್ತನಾದ ಹೊಸತರಲ್ಲಿ ಒಂದೇ ಸುತ್ತಿನಲ್ಲಿ ನಾಲ್ಕು ಕೆಲಸ ಮುಗಿಸಿ ಬರುತ್ತಿದ್ದುದನ್ನು ಕೆಲವು ದಿನ ನೋಡಿದರು. ಕೊನೆಗೆ ತಡೆಯಲಾರದೆ ಗೇಟಿನ ಹತ್ತಿರ ನಿಲ್ಲಿಸಿದರು.

"ಏನ್ ಸ್ವಾಮಿ, ಎಲ್ಲಾ ಒಟ್ಟಿಗೆ ಮುಗಿಸ್ಬಿಟ್ರಾ?"

"ಹೌದು ಸಾರ್. ಒಂದೇ ದಾರಿ ಅಲ್ವಾ?"

"ಹತ್ತೂವರೆಗೆ ಮನೇಗ್ ಬಂದು ಏನ್ಮಾಡ್ತೀರಿ?"

ಹತ್ತೂವರೆಗೆ ಮನೆಗೆ ಬಂದು ನಾನು ಏನು ಮಾಡುತ್ತಿದ್ದೆ ಎಂಬುದು ನನ್ನ ಹೆಂಡತಿಗೂ ಬಗೆಹರಿಯದ ಪ್ರಶ್ನೆಯಾಗಿತ್ತು.

"ಬೇಗ ಮುಗಿಸೋದು ಸರ್ವೀಸಲ್ಲಿರೋರ ಕೆಲಸ. ನಮಗ್ ಏನವಸರ? ಒಂದು ಸುತ್ತಿಗೆ ಒಂದು ಕೆಲಸ. ಕೆಲಸಕ್ಕೂ ಮರ್ಯಾದೆ, ನಮಗೂ ಮರ್ಯಾದೆ" ಎಂದು ಹೇಳಿ ಅವರು ಮಾತ್ರೆ ತರಲು ಹೊರಟರು.

ಮಗಳು ಮೊಬೈಲಿನಲ್ಲೇ ಕರೆಂಟ್ ಬಿಲ್ಲು ಕಟ್ಟುವುದನ್ನು ಹೇಳಿಕೊಟ್ಟಿದ್ದಳು. ಅವರು ಪ್ರಗತಿಯ ವಿರೋಧಿಯಲ್ಲ, ಮೊಬೈಲಿನಲ್ಲೇ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ನಡೆದುಕೊಂಡು ಬಿಲ್ಲಿನ ಕೌಂಟರಿಗೆ ಹೋಗಿ, ದುಡ್ಡು ಬಂದಿದೆಯೇ ಎಂದು ಕೇಳುತ್ತಿದ್ದರು.

"ಬಂದಿದೆ ಸಾರ್. ನಿಮ್ಗೆ ಮೆಸೇಜ್ ಬಂದಿಲ್ವಾ?" ಎನ್ನುತ್ತಿದ್ದ ಕೌಂಟರಿನವನು.

"ಮೆಸೇಜ್ ಬಂತಪ್ಪ. ಒಬ್ಬ ಮನುಷ್ಯ ಹೇಳ್ಲಿ ಅಂತ ಬಂದೆ."

ಹೂವು ಮಾತ್ರ ಹತ್ತಿರದಲ್ಲಿ ಕೊಳ್ಳುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೃಷ್ಣರಾಜ ಮಾರುಕಟ್ಟೆಗೆ ನಡೆದೇ ಹೋಗಬೇಕು, ತಲೆಹೊರೆಯವರ ನಡುವೆ ನುಗ್ಗಬೇಕು, ಅಲ್ಲಿ ಅಕ್ಕತಂಗಿಯರಿಬ್ಬರು ಮಾರುವ ಹೂವನ್ನೇ ತರಬೇಕು. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ತಂಗಿ ಮೊಳ ಹಾಕಲು ಕೈ ಚಾಚಿದಳು. ಇವರು ತಡೆದರು.

"ನೀನಲ್ಲ. ನಿಮ್ಮಕ್ಕ ಅಳೀಲಿ."

"ಯಾಕ್ ಸಾರ್, ನನ್ ಕೈಗ್ ಏನಾಗೈತೆ?"

"ಏನೂ ಆಗಿಲ್ಲಮ್ಮ. ಉದ್ದ ಆಗಿಲ್ಲ ಅಷ್ಟೆ."

"ಅಯ್ಯೋ, ಹಂಗಂದ್ರೆ ಮನೇಗ್ ತಗೊಂಡೋಗಿ ಅಮ್ಮಾವ್ರ ಜಡೇಲಿ ಅಳ್ಕೊಳ್ಳಿ!" ಎಂದಳು ಅವಳು. ಅಕ್ಕ ನಗುತ್ತಲೇ ಅಳೆದು ಕೊಟ್ಟಳು. ಇವರು ನಗಲಿಲ್ಲ. ಅಳತೆಯ ವಿಚಾರದಲ್ಲಿ ನಗುವುದು ಅವರ ಸ್ವಭಾವವಲ್ಲ.

ಆದರೆ ಅವರನ್ನು ಅವರಾಗಿ ಮಾಡಿದ್ದು ಚೀಲವೂ ಅಲ್ಲ, ಮೊಳವೂ ಅಲ್ಲ. ಅದು ಚಾರ್ಜ್.

ಸರ್ಕಾರಿ ಕಚೇರಿ ಕಾಣದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ವರ್ಗವಾದವನು ಸುಮ್ಮನೆ ಎದ್ದು ಹೋಗುವಂತಿಲ್ಲ. ಅವನ ಜಾಗಕ್ಕೆ ಬಂದವನಿಗೆ ಬೀರು, ಕೀಲಿ, ಕಡತ, ಕುಂಟು ಕುರ್ಚಿ ಎಲ್ಲವನ್ನೂ ತೋರಿಸಿ ಒಪ್ಪಿಸಬೇಕು. ಬಂದವನು "ತಗೊಂಡೆ" ಅನ್ನಬೇಕು. ಆಗ ಇವನು ರಿಲೀವ್, ಅಂದರೆ ಬಿಡುಗಡೆ. ತೆಗೆದುಕೊಳ್ಳುವವರಿಲ್ಲದಿದ್ದರೆ ಬಿಡುಗಡೆಯೂ ಇಲ್ಲ. ಸೂಪರಿಂಟೆಂಡೆಂಟರ ಪ್ರಕಾರ ನಾಗರಿಕತೆ ನಿಂತಿರುವುದೇ ಈ ಒಂದು ನಿಯಮದ ಮೇಲೆ.

ಅವರ ಸರ್ವೀಸಿನಲ್ಲೇ ಇದಕ್ಕೊಂದು ನಿದರ್ಶನವಿತ್ತು. ಚಿಂತಾಮಣಿಯಲ್ಲಿದ್ದಾಗ ಬೀದರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬರಬೇಕಿದ್ದವನು ಆ ಕಚೇರಿಯ ಹೆಸರು ಕೇಳಿ ಹೆದರಿ ರಜೆಯ ಮೇಲೆ ರಜೆ ಹಾಕಿದ. ಹೆಚ್ಚುಕಡಿಮೆ ಒಂದು ವರ್ಷ ಇವರು ಅಲ್ಲೇ ಉಳಿದರು. ಹೋಗುವವನೆಂದು ಹೊಸ ಕೆಲಸ ಯಾರೂ ಕೊಡಲಿಲ್ಲ, ಇನ್ನೂ ಬಂದಿಲ್ಲವೆಂದು ಬೀದರಿನವರೂ ಏನೂ ಕೇಳಲಿಲ್ಲ. ಇವರು ಅದನ್ನು ಆಡಳಿತದ ದುರಂತವೆಂದು ವರ್ಣಿಸುತ್ತಿದ್ದರು. ಒಳಗಿನಿಂದ ಅಮ್ಮನವರ ದನಿ ಬರುತ್ತಿತ್ತು: "ನಮ್ ಸಂಸಾರದಲ್ಲಿ ಇವ್ರು ಸಾಯಂಕಾಲ ನನ್ ಜೊತೆ ಕೂತು ಕಾಫಿ ಕುಡಿದ ವರ್ಷ ಅದೊಂದೇ!"

ಮಗಳು ಸ್ಕಾಟ್‌ಲೆಂಡಿನಲ್ಲಿ ದಂತವೈದ್ಯೆ. ಅವಳ ಬಾಣಂತನಕ್ಕೆಂದು ಗಂಡಹೆಂಡತಿ ಇಬ್ಬರೂ ಒಂದು ಚಳಿಗಾಲ ಅಲ್ಲಿಗೆ ಹೊರಟರು. ಮನೆಯ ಚಾರ್ಜ್ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದರು.

"ಕಾವೇರಿ ನೀರು ದಿನ ಬಿಟ್ಟು ದಿನ. ಸಂಪಿನ ವಾಲ್ವ್ ಎಡಕ್ಕೆ ತಿರುಗಿಸ್ಬೇಕು. ಬಲಕ್ಕೆ ತಿರುಗಿಸಿದ್ರೆ ಏನೂ ಆಗಲ್ಲ. ಅದೇ ಅಪಾಯ, ಏನೂ ಆಗದೇ ಇರೋದು ಗೊತ್ತೇ ಆಗಲ್ಲ." ಮುಂಬಾಗಿಲಿಗೆ ಬಂದು ಕೀಲಿಕೈ ಕೊಟ್ಟು ಕೇಳಿದರು: "ಚಾರ್ಜ್ ತಗೊಂಡ್ರಾ?"

"ಹೂಂ ಸಾರ್."

"ಹೂಂ ಅಂದ್ರೆ ಆಗಲ್ಲ. ಬಾಯ್ಬಿಟ್ಟು ಹೇಳಿ."

"ಮನೆಯ ಚಾರ್ಜ್ ತಗೊಂಡಿದ್ದೀನಿ ಸಾರ್."

ಆಗ ಅವರ ಮುಖ ನೋಡಬೇಕಿತ್ತು. ಮಾರುಕಟ್ಟೆಯ ಹಮಾಲಿಯ ತಲೆಯಿಂದ ಮೂಟೆ ಇಳಿಸಿದ ಮೇಲೆ ಒಂದು ಗಳಿಗೆ ಅವನ ಕತ್ತು ತಾನಾಗಿ ಮೇಲೇಳುತ್ತದಲ್ಲ, ಹಾಗೆ. ಹಿಂದಿರುಗಿ ನೋಡದೆ ಟ್ಯಾಕ್ಸಿ ಹತ್ತಿದರು. ಹಿಂದಿರುಗಿ ನೋಡಿದವರು ಅಮ್ಮನವರು. ಮನೆಯನ್ನಲ್ಲ, ಗಂಡನ ಮುಖವನ್ನು.

ಅಲ್ಲಿಗೆ ಹೋದ ಒಂದು ವಾರದೊಳಗೆ ಅಳಿಯನ ಮನೆಯ ಚಾರ್ಜ್ ಇವರ ಕೈಗೆ ಬಂದಿತ್ತು. ಅಳಿಯ ಕೊಟ್ಟನೆಂದಲ್ಲ, ತಡೆಯಲಿಲ್ಲ ಅಷ್ಟೇ. ಅಲ್ಲಿ ಕಸಕ್ಕೆ ಬಣ್ಣಬಣ್ಣದ ದೊಡ್ಡ ಡಬ್ಬಿಗಳು, ಒಂದೊಂದು ಬಣ್ಣಕ್ಕೆ ಒಂದೊಂದು ವಾರ. ತಪ್ಪಿದರೆ ಕಸದ ಗಾಡಿ ಮುಟ್ಟದೆ ಹೋಗುತ್ತದೆ. ಇಂಥ ಶಿಸ್ತಿನ ರಾಜ್ಯವನ್ನು ಅವರು ಅದುವರೆಗೆ ಕಂಡಿರಲಿಲ್ಲ. ಪಕ್ಕದ ಮನೆಯ ಮುದುಕಿಯ ಡಬ್ಬಿಗಳನ್ನೂ ತಾವೇ ರಸ್ತೆಗೆ ಉರುಳಿಸಿ ಇಡತೊಡಗಿದರು. ಆಕೆ ಕೃತಜ್ಞತೆಗೆ ಕಿತ್ತಳೆ ಸಿಪ್ಪೆಯ ಜಾಮ್ ಕೊಟ್ಟಳಂತೆ. ಇವರು ಅದನ್ನು ಚಪಾತಿಯ ಜೊತೆ ತಿಂದು, ಉಪ್ಪಿನಕಾಯಿಗೆ ಉಪ್ಪು ಹಾಕುವುದನ್ನು ಮರೆತಿದ್ದಾಳೆ ಎಂದು ತೀರ್ಮಾನಿಸಿದರು.

ವಿಡಿಯೊ ಕಾಲಿನಲ್ಲಿ ಅಮ್ಮನವರು ದೂರಿದರು: "ಇಲ್ಲಿ ಎಲ್ರೂ ಕಾರಲ್ಲಿ ಹೋಗಿ ವಾರಕ್ಕಾಗೋಷ್ಟು ತರ್ತಾರೆ. ಇವ್ರು ಬೆಳಿಗ್ಗೆ ಹಾಲಿಗೆ ಒಂದ್ಸಲ, ಮಧ್ಯಾಹ್ನ ಈರುಳ್ಳಿಗೆ ಒಂದ್ಸಲ. ಆ ಅಂಗಡಿ ಹುಡುಗಿ ಇವ್ರಿಗೆ ಮನೇಲಿ ಏನೋ ಕಷ್ಟ ಅಂದ್ಕೊಂಡಿದ್ದಾಳೆ!"

ರಾಹುಕಾಲದ ಪ್ರಶ್ನೆ ಅಲ್ಲಿ ಗಂಭೀರ ರೂಪ ತಾಳಿತು. ಮೊದಮೊದಲು ಅವರು ಬೆಂಗಳೂರಿನ ರಾಹುಕಾಲವನ್ನೇ ಪಾಲಿಸಿದರು. ಅದಕ್ಕೆಂದು ಎಡಗೈಗೆ ಬೆಂಗಳೂರಿನ ಸಮಯದ ಗಡಿಯಾರ, ಬಲಗೈಗೆ ಅಲ್ಲಿಯದು. ವಾರದಲ್ಲಿ ಒಂದೆರಡು ದಿನ ಬಿಟ್ಟರೆ ಅದು ಅಲ್ಲಿಯ ನಸುಕಿಗೋ ನಸುಕಿಗೂ ಮುಂಚೆಯೋ ಬೀಳುತ್ತಿತ್ತು. "ನಾವು ಎದ್ದು ತಿಂಡಿ ತಿನ್ನೋ ಹೊತ್ಗೆ ರಾಹು ಡ್ಯೂಟಿ ಮುಗಿಸಿ ಹೋಗಿರ್ತಾನೆ ಸ್ವಾಮಿ. ಇಡೀ ದಿನ ಫ್ರೀ" ಎಂದು ಹಿಗ್ಗಿದರು. ಅಮ್ಮನವರು ಪಕ್ಕದಿಂದ, "ಅದು ಆಯಾ ಊರಲ್ಲಿ ಸೂರ್ಯ ಹುಟ್ಟೋ ಲೆಕ್ಕ. ನಿಮ್ ಎಡಗೈ ಲೆಕ್ಕ ಅಲ್ಲ" ಎಂದರು. ಅವರು ಎರಡು ದಿನ ಯೋಚಿಸಿ ಒಪ್ಪಿಕೊಂಡರು. ಹಗಲನ್ನು ಎಂಟು ಭಾಗ ಮಾಡಿ ನೋಡಿದರೆ ಚಳಿಗಾಲದ ಆ ಗಿಡ್ಡ ಹಗಲಿನಲ್ಲಿ ರಾಹುವಿನ ಪಾಲಿಗೆ ಒಂದು ಗಂಟೆಯೂ ಬರುತ್ತಿರಲಿಲ್ಲ. "ಚಳಿ ದೇಶ. ರಾಹೂಗೂ ಪಾರ್ಟ್ ಟೈಮ್" ಎಂದು ನನಗೆ ವರದಿ ಬಂತು.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಅಳಿಯನಿಗೆ ಡಬ್ಬಿಗಳ ಚಾರ್ಜ್ ಒಪ್ಪಿಸಿ, ಬಾಯ್ಬಿಟ್ಟು ಹೇಳಿಸಿಕೊಂಡೇ ಒಳಗೆ ಹೋದರು. ಅಳಿಯ ಆ ವಾರವೇ ತಪ್ಪು ಬಣ್ಣ ಇಟ್ಟನೆಂದು ಮಗಳು ಆಮೇಲೆ ಹೇಳಿದಳು. ಇಲ್ಲಿ ನನ್ನ ಕಾರ್ಯನಿರ್ವಹಣೆಯ ಮೇಲೂ ಒಂದು ರಿಮಾರ್ಕ್ ಬಿತ್ತು. ಬಿಲ್ಲುಗಳನ್ನೆಲ್ಲ ಮೊಬೈಲಿನಲ್ಲಿ ಕಟ್ಟಿದ್ದೇನೆ ಎಂದಾಗ ಅವರು ಕೇಳಿದ್ದು ಒಂದೇ: "ಒಂದ್ಸಲಾನೂ ಹೋಗಿ ಕೇಳ್ಲಿಲ್ವಾ?"

ಅದಾದ ಮರುವರ್ಷ ಅವರ ಸುತ್ತುಗಳು ನಿಧಾನವಾದವು. ಮಾವಳ್ಳಿಯವರೆಗೆ ನಡೆದು ಹೋಗಿ ಛತ್ರಿ ರಿಪೇರಿ ಮಾಡಿಸಿಕೊಂಡು ಬರುತ್ತಿದ್ದವರು ರಸ್ತೆಯ ಮೂಲೆಯ ಕಟ್ಟೆಯ ಮೇಲೆ ಕೂರತೊಡಗಿದರು. ಏನು ಸಾರ್ ಎಂದರೆ "ರಾಹುಕಾಲ ಕಳೀಲಿ ಅಂತ" ಎನ್ನುವರು. ಆ ಹೊತ್ತಿಗೆ ರಾಹುಕಾಲ ಇರುತ್ತಿರಲಿಲ್ಲ. ಆಸ್ಪತ್ರೆಗೆ ತೋರಿಸಿದಾಗ ಹೃದಯದ ಒಂದು ಕವಾಟ ಕೆಟ್ಟಿದೆ, ಬೇಗ ಬದಲಾಯಿಸಬೇಕು ಎಂದರು ವೈದ್ಯರು.

"ಒಳಗಡೆ ವಾಲ್ವ್ ಸರಿಯಾಗ್ ಮುಚ್ಕೋತಿಲ್ವಂತೆ ಸ್ವಾಮಿ. ವಾಷರ್ ಹೋಗಿರೋ ಹಂಗೆ" ಎಂದು ನನಗೆ ವಿವರಿಸಿದರು. ಭಯವೇನೂ ಕಾಣಲಿಲ್ಲ. ದಿನ ಗೊತ್ತಾಯಿತು, ಹಾಸಿಗೆ ಗೊತ್ತಾಯಿತು. ಅವರು ಅಮ್ಮನವರನ್ನು ಕರೆದು ಮನೆಯ ಚಾರ್ಜ್ ಒಪ್ಪಿಸಲು ಹೊರಟರು. ಎದುರಿನ ಜಗಲಿಯಲ್ಲಿ ಕೂತಿದ್ದ ನನಗೆ ಮುಂದಿನ ಮಾತುಕತೆ ಕೇಳಿಸಿತು. ಕಿವಿಗೊಡುವ ಅಗತ್ಯವೇ ಇರಲಿಲ್ಲ.

"ನಂಗೆ ಬೇಡ ರೀ. ಸುಮ್ನೆ ಆಸ್ಪತ್ರೆಗ್ ಹೋಗಿ ಬನ್ನಿ."

"ಚಾರ್ಜ್ ಕೊಡ್ದೆ ಹೆಂಗೆ ಹೋಗ್ಲೇ? ಹಂಗೆ ಬಿಟ್ ಹೋದೋನ್ನ ಏನಂತಾರೆ ಗೊತ್ತಾ?"

"ಏನಂತಾರೆ?"

"ಪರಾರಿ ಅಂತಾರೆ."

"ಅನ್ಲಿ. ನಾನ್ ತಗೊಳಲ್ಲ."

"ನೀನ್ ತಗೊಳ್ದೆ ನಾನ್ ಹೋಗಲ್ಲ."

ಹೋಗಲಿಲ್ಲ. ಆ ದಿನ ಕಳೆಯಿತು, ಹಾಸಿಗೆ ಬೇರೆಯವರಿಗೆ ಹೋಯಿತು. ಇನ್ನೊಂದು ದಿನ ಗೊತ್ತುಮಾಡಿದರು. ಅದೂ ಹಾಗೇ ಹೋಯಿತು. ವೈದ್ಯರು ಫೋನಿನಲ್ಲಿ, "ಸಾರ್, ಇದು ಪೋಸ್ಟ್‌ಪೋನ್ ಮಾಡೋ ಮೀಟಿಂಗ್ ಅಲ್ಲ. ಇನ್ನೊಂದ್ ದಿನ ಕೊಡ್ತೀನಿ, ಆಮೇಲೆ ನಾನು ಜವಾಬ್ದಾರ ಅಲ್ಲ" ಎಂದರು. ಜವಾಬ್ದಾರಿಯ ಮಾತು ಬಂದದ್ದರಿಂದ ಸೂಪರಿಂಟೆಂಡೆಂಟರಿಗೆ ಅವರ ಮೇಲೆ ಗೌರವ ಹೆಚ್ಚಿತು. ನಿರ್ಧಾರ ಮಾತ್ರ ಬದಲಾಗಲಿಲ್ಲ.

ಮಗಳು ಮಗುವನ್ನು ಎತ್ತಿಕೊಂಡು ಬಂದಿಳಿದಳು. "ಅಪ್ಪಾ, ನಂಗ್ ಕೊಡು. ನಾನ್ ತಗೋತೀನಿ" ಎಂದಳು.

"ನೀನು ಹೊರದೇಶದೋಳು. ಅಲ್ಲಿದ್ಕೊಂಡು ಇಲ್ಲಿ ಚಾರ್ಜ್ ಇಟ್ಕೊಳಕ್ಕೆ ರೂಲ್ ಇಲ್ಲ."

ನಾನು ಮುಂದೆ ಬಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನೀವು ಹೋಗಿ ಕೇಳೋರಲ್ಲ" ಎಂದರು. ರಿಮಾರ್ಕ್ ಇನ್ನೂ ಜಾರಿಯಲ್ಲಿತ್ತು. ಮಗಳು ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದಳು. "ಅಂಕಲ್, ಇವ್ರಿಬ್ರಲ್ಲಿ ಯಾರಿಗ್ ಹುಚ್ಚು ಅಂತ ಹೇಳ್ಬಿಡಿ. ಅವ್ರನ್ನೇ ಮೊದ್ಲು ಅಡ್ಮಿಟ್ ಮಾಡ್ತೀನಿ" ಎಂದವಳು ನಕ್ಕು, ಆಮೇಲೆ ಅತ್ತಳು.

ಹೀಗಾಗಿ ನಾನು ಅಮ್ಮನವರ ಬಳಿಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ನಾನು ಬ್ಯಾಂಕಿನವರ ಧಾಟಿಯಲ್ಲಿ ಸಾಧಕಬಾಧಕಗಳನ್ನು ವಿವರಿಸಿದೆ. ಅವರು ಕೈ ನಿಲ್ಲಿಸದೆ ಕೇಳಿದರು.

"ನೋಡಿ ಇವ್ರೇ. ಚಿಂತಾಮಣೀಲಿ ಏನಾಯ್ತು? ತಗೊಳ್ಳೋನು ಬರ್ಲಿಲ್ಲ, ಇವ್ರು ಹೋಗ್ಲಿಲ್ಲ. ನಾನ್ ತಗೊಂಡ್ರೆ ಇವ್ರು ರಿಲೀವ್ ಆಗ್ತಾರೆ."

"ಅಮ್ಮಾ, ಅದು ಆಫೀಸಿನ ಮಾತು."

"ಇವ್ರಿಗೆ ಆಫೀಸಿಂದು ಬೇರೆ, ಮನೇದು ಬೇರೆ ಅಂತ ಯಾವತ್ತಾದ್ರೂ ಇತ್ತಾ?" ಒಂದು ಕಾಳು ಚಿಮ್ಮಿ ನನ್ನ ಕಾಲಬಳಿ ಬಿತ್ತು. "ನಿಮಗ್ ಮನೆ ಕೊಟ್ಟು ಏರ್‌ಪೋರ್ಟಿಗೆ ಹೊರಟ ದಿನ ಇವ್ರ ಮುಖ ನೋಡಿದ್ರಲ್ಲ? ಎಷ್ಟು ಹಗುರ ಆಗ್ಬಿಟ್ಟಿದ್ರು. ಆ ಮುಖ ಇಟ್ಕೊಂಡು ಇವ್ರು ಆಪರೇಷನ್‌ಗೆ ಹೋಗೋದು ನಂಗ್ ಬೇಡ. ಏನೋ ಒಂದು ಬಾಕಿ ಇದೆ ಅಂತ ತಲೇಲಿ ಇಟ್ಕೊಂಡೇ ಹೋಗ್ಲಿ. ಬಾಕಿ ಇಟ್ಟು ಹೋಗೋ ಮನುಷ್ಯ ಅಲ್ಲ ಅವ್ರು. ವಾಪಸ್ ಬಂದೇ ಬರ್ತಾರೆ."

ವೈದ್ಯಶಾಸ್ತ್ರದಲ್ಲಿ ಈ ವಾದಕ್ಕೆ ಆಧಾರವಿಲ್ಲ. ಆದರೆ ಆ ಮನುಷ್ಯನನ್ನು ಬಲ್ಲ ಯಾರೂ ಅದನ್ನು ತಳ್ಳಿಹಾಕುವಂತಿರಲಿಲ್ಲ. ನಾನು ಕಾಳನ್ನು ಹೆಕ್ಕಿ ಪಾತ್ರೆಗೆ ಹಾಕಿ ಎದ್ದು ಬಂದೆ.

ಮೂರನೆಯ ಸಲ ಗೊತ್ತಾದ ದಿನಕ್ಕೆ ಒಂದು ವಾರವಿರುವಾಗ ನಾನು ಹಿಂದಿನ ಕ್ರಾಸಿನ ಹಿಟ್ಟಿನ ಗಿರಣಿಯಲ್ಲಿದ್ದೆ. ಗಿರಣಿಯಲ್ಲೂ ಸೂಪರಿಂಟೆಂಡೆಂಟರದೊಂದು ಪದ್ಧತಿಯಿತ್ತು. ಬೇರೆಯವರ ರಾಗಿ ಬೀಸಿದ ಬೆನ್ನಿಗೇ ತಮ್ಮ ರಾಗಿ ಬೀಸಬೇಕು. ಗೋಧಿಯ ಹಿಂದೆ ಆಗದು. ಮೆಣಸಿನಕಾಯಿಯ ಹಿಂದಂತೂ ಆ ದಿನವೇ ಕೂಡದು. ಸರಿಯಾದ ಸರದಿಗಾಗಿ ಅರ್ಧ ಬೆಳಗು ಕಾಯುವುದು ಅವರಿಗೆ ಹೊಸತಲ್ಲ. ಆದರೆ ಆ ದಿನ ಅವರು ಮೂಟೆಯೊಂದರ ಮೇಲೆ ಕೂತಿದ್ದ ರೀತಿ ಕಾಯುವವರದಾಗಿರಲಿಲ್ಲ. ಬಾಯಿ ತೆರೆದಿತ್ತು. ಹಣೆಯ ಬೆವರಿನ ಮೇಲೆ ಹಿಟ್ಟಿನ ಧೂಳು ಕೂತಿತ್ತು. ಬೀಸಿದ ಹಿಟ್ಟಿನ ಚೀಲ ಕಾಲಬಳಿ ಇತ್ತು. ಎರಡು ಸಲ ಎತ್ತಿ ಎರಡು ಸಲವೂ ಇಳಿಸಿದ್ದರೆಂದು ಗಿರಣಿಯವನು ನನಗೆ ಸನ್ನೆಯಲ್ಲಿ ತಿಳಿಸಿದ.

"ಸಾರ್, ಆಟೋ ಕರೀಲಾ?" ಎಂದೆ.

"ಎರಡ್ ಹೆಜ್ಜೆಗೆ ಯಾವ ಆಟೋದೋನ್ ಬರ್ತಾನೆ ಸ್ವಾಮಿ? ಇರಿ. ಸುಧಾರಿಸ್ಕೋತೀನಿ."

ಆಗ ಬಾಗಿಲಲ್ಲಿ ಅಮ್ಮನವರು ನಿಂತಿದ್ದರು. ಹೊತ್ತಾಯಿತೆಂದು ಹುಡುಕಿಕೊಂಡು ಬಂದಿದ್ದರು. ಆ ರಸ್ತೆಯಲ್ಲಿ ಅಷ್ಟು ಕಾಲ ಇದ್ದರೂ ಅವರು ಗಿರಣಿಗೆ ಕಾಲಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಒಳಗೆ ಬಂದರು. ಗಂಡನನ್ನು ನೋಡಿದರು, ಚೀಲವನ್ನು ನೋಡಿದರು. ಬಗ್ಗಿ ಚೀಲವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡರು.

ಸೂಪರಿಂಟೆಂಡೆಂಟರು ಉಸಿರು ಕೂಡಿಸಿಕೊಂಡು ಕೇಳಿದರು: "ಚಾರ್ಜ್ ತಗೊಂಡ್ಯಾ?"

"ಇಲ್ಲ. ರಜೆ ಹಾಕಿ."

"ಏನು?"

"ರಜೆ ಹಾಕಿ ಅಂದೆ. ರಜೆ ಮೇಲೆ ಹೋಗೋರ್ಗೆ ರಿಲೀವ್ ಎಲ್ಲಿದೆ? ಇನ್‌ಚಾರ್ಜ್ ಇರ್ತಾರೆ. ನಿಮ್ ಸರ್ವೀಸಲ್ಲಿ ಎಷ್ಟ್ ಸಲ ನೋಡಿಲ್ಲ ನಾನು? ನೀವ್ ಬರೋವರ್ಗೂ ನಾನ್ ನೋಡ್ಕೋತೀನಿ. ಪೋಸ್ಟ್ ನಿಮ್ದೇ."

ಗಿರಣಿಯವನು ಯಂತ್ರ ನಿಲ್ಲಿಸಿದ. ಕೆಟ್ಟು ಹೋದದ್ದಲ್ಲ, ಕೇಳಿಸಲೆಂದು ನಿಲ್ಲಿಸಿದ್ದು. ಸೂಪರಿಂಟೆಂಡೆಂಟರು ಕಣ್ಣು ಮುಚ್ಚಿ ನಿಯಮಗಳನ್ನು ಒಂದೊಂದಾಗಿ ಒಳಗೇ ತಿರುವಿ ಹಾಕಿದಂತೆ ಕಂಡಿತು.

"ಯಾವ ರಜೆ?"

"ಮೆಡಿಕಲ್."

"ಮುಗಿದ ಮೇಲೆ?"

"ಡಾಕ್ಟ್ರ ಹತ್ರ ಫಿಟ್‌ನೆಸ್ ಸರ್ಟಿಫಿಕೇಟ್ ತಂದು ಡ್ಯೂಟಿಗೆ ಸೇರ್ಕೋಬೇಕು. ಸೇರ್ಕೊಳ್ಳೇಬೇಕು. ಇಲ್ದಿದ್ರೆ ಪರಾರಿ."

ಅವರಿಗೆ ಆಕ್ಷೇಪಣೆಗೆ ಜಾಗ ಸಿಗಲಿಲ್ಲ. "ಸರಿ" ಎಂದರು. ಹೊರಗೆ ಬಂದಾಗ ಆಟೋ ನಿಂತಿತ್ತು; ಆಟೋದವನು ಎರಡು ಹೆಜ್ಜೆಗೂ ಬಂದಿದ್ದ.

ಮುಂದಿನ ಕೆಲವು ದಿನ ಇಬ್ಬರೂ ಆಟೋದಲ್ಲೇ ಸುತ್ತಿದರು. ಹೊಸ ಅಧಿಕಾರಿಯನ್ನು ಪರಿಚಯಿಸುವಂತೆ ಇವರು ಒಂದೊಂದು ಕಡೆ ನಿಲ್ಲಿಸಿ, ಸೀಟಿನಿಂದ ಇಳಿಯದೆ ಹೇಳುತ್ತಿದ್ದರು: "ಸದ್ಯಕ್ಕೆ ಇವ್ರು ಇ‌ನ್‌ಚಾರ್ಜ್. ನನ್ನ ಹಾಗೇ ನೋಡ್ಕೋಬೇಕು." ಬಿಲ್ಲಿನ ಕೌಂಟರಿನವನು ಎದ್ದು ನಿಂತು ನಮಸ್ಕಾರ ಮಾಡಿದನಂತೆ. ಮಾರುಕಟ್ಟೆಯ ಹೂವಿನ ತಂಗಿ ಅಮ್ಮನವರ ಜಡೆ ನೋಡಿ, "ಸಾರ್, ಇದ್ರಲ್ಲಿ ಅಳದ್ರೆ ನಂಗೇ ಲುಕ್ಸಾನು" ಎಂದಳಂತೆ.

ಆಸ್ಪತ್ರೆಗೆ ಸೇರಬೇಕಾದದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ; ಶುದ್ಧ ರಾಹುಕಾಲ. ಅದಕ್ಕೆಂದು ಏಳಕ್ಕೇ ಮನೆ ಬಿಟ್ಟು, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತೆವು. ಹೊರಟ ಹೊತ್ತಷ್ಟೇ ಲೆಕ್ಕವಂತೆ. ಆಪರೇಷನ್ನಿಗೆ ಅವರನ್ನು ಒಳಗೆ ತಳ್ಳಿಕೊಂಡು ಹೋಗುವಾಗ ನಾನು ಮುಖ ನೋಡಿದೆ. ಅಮ್ಮನವರೂ ನೋಡಿದರು. ಹಗುರವಾಗಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು. "ಸಂಪಿನ ವಾಲ್ವು ಎಡಕ್ಕೆ" ಎಂದು ಹೇಳುತ್ತಲೇ ಒಳಗೆ ಹೋದರು.

ಆಪರೇಷನ್ ಸರಿಹೋಯಿತು. ಬಿಡುಗಡೆಯ ದಿನ ಅವರು ವೈದ್ಯರನ್ನು ಕಾಡಿಸಿ "ಕರ್ತವ್ಯಕ್ಕೆ ಹಾಜರಾಗಲು ಯೋಗ್ಯ" ಎಂದು ಬರೆಸಿಕೊಂಡರು. ಯಾವ ಕರ್ತವ್ಯ ಎಂದು ವೈದ್ಯರು ಕೇಳಿದ್ದಕ್ಕೆ "ಮನೇದು" ಎಂದರಂತೆ. ಎರಡು ತಿಂಗಳ ವಿಶ್ರಾಂತಿಯ ನಂತರ ಒಂದು ಗುರುವಾರ, ರಾಹುಕಾಲಕ್ಕೆ ಮುಂಚೆ, ಬಿಳಿ ಅಂಗಿ ತೊಟ್ಟು, ನಾಲ್ಕು ಜೇಬು ಮುಟ್ಟಿಕೊಂಡು, ಸರ್ಟಿಫಿಕೇಟನ್ನು ಅಮ್ಮನವರ ಮುಂದೆ ಹಿಡಿದು ಡ್ಯೂಟಿಗೆ ಹಾಜರಾದರು. ಅಮ್ಮನವರು ಅದನ್ನು ಪೂರ್ತಿ ಓದಿ, ಮಡಿಚಿ, ಸೆರಗಿನಲ್ಲಿ ಸಿಕ್ಕಿಸಿಕೊಂಡು, "ನೋಡೋಣ" ಎಂದರು.

ಆ "ನೋಡೋಣ" ಮುಗಿಯಲೇ ಇಲ್ಲ.

ಅಷ್ಟರಲ್ಲಿ ಆಡಳಿತ ಬದಲಾಗಿತ್ತು. ಅಮ್ಮನವರು ಸೊಪ್ಪು, ಮಾತ್ರೆ, ಗಿರಣಿ ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತಿದ್ದರು. ರಾಗಿ ಯಾರ ಹಿಂದೆ ಬೀಸಿದರೂ ಆಗುತ್ತಿತ್ತು. ಹತ್ತೂವರೆಗೆ ಮನೆಯಲ್ಲಿರುತ್ತಿದ್ದರು. ಸೂಪರಿಂಟೆಂಡೆಂಟರು ಖಾಲಿ ಚೀಲ ಹಿಡಿದು ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ತುಂಬಿದ ಚೀಲವನ್ನು ಅವರಿಗೆ ಕೊಡುತ್ತಿರಲಿಲ್ಲ. "ನಾನೀಗ ಕಂಪಲ್ಸರಿ ವೇಟಿಂಗಲ್ಲಿದೀನಿ ಸ್ವಾಮಿ. ಸಂಬಳ ಉಂಟು, ಜಾಗ ಇಲ್ಲ" ಎಂದು ನನಗೆ ಹೇಳಿಕೊಂಡರು. ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು ನಮ್ಮ ಮನೆಗೆ ಕಾಣುತ್ತಿತ್ತು. ಅವರ ಮುಖದಲ್ಲಿ ಅನ್ಯಾಯಕ್ಕೊಳಗಾದವರ ಭಾವವಿರುತ್ತಿತ್ತು. ಕಾಫಿ ಮಾತ್ರ ಎರಡನೇ ಸಲವೂ ತೆಗೆದುಕೊಳ್ಳುತ್ತಿದ್ದರು.

ಒಂದು ದಿನ ನನ್ನನ್ನು ಮಧ್ಯಸ್ಥಿಕೆಗೆ ಕಳಿಸಿದರು. ನಾನು ಹೋಗಿ ಅಮ್ಮನವರನ್ನು ಕೇಳಿದೆ: "ಅಮ್ಮಾ, ಸಾರ್ ಈಗ ಚೆನ್ನಾಗಿದಾರಲ್ಲ. ಇ‌ನ್‌ಚಾರ್ಜ್ ಅಂತ ತಾನೇ ತಗೊಂಡಿದ್ದು? ವಾಪಸ್ ಕೊಟ್ಬಿಡಬಹುದಲ್ಲ?"

ಅವರು ಮೊಬೈಲಿನಲ್ಲಿ ಸಿಲಿಂಡರ್ ಬುಕ್ ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಕೊಟ್ರೆ ಇನ್ನೊಂದಿನ ಮತ್ತೆ ಒಪ್ಸೋಕ್ ಬರ್ತಾರೆ. ಚಾರ್ಜೇ ಇಲ್ದೋರು ಏನನ್ನ ಒಪ್ಸಿ ಹೋಗ್ತಾರೆ?"

ನಾನು ಬಂದು, "ಪರಿಶೀಲನೆಯಲ್ಲಿದೆಯಂತೆ ಸಾರ್" ಎಂದೆ. ಪರಿಶೀಲನೆ ಎಂದರೆ ಏನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಲೆಯಾಡಿಸಿ ಒಳಗೆ ಹೋದರು.

ಚಾರ್ಜ್ ಅವರಿಗೆ ಮತ್ತೆ ಸಿಗಲಿಲ್ಲ. ಆಪರೇಷನ್ ಆದ ಮೇಲೆ ಅವರು ಒಂಬತ್ತು ವರ್ಷ ಬದುಕಿದ್ದರು.